ಗೋಬರ್ ಗ್ಯಾಸಿನ ಮೀಥೇನ್ ಬ್ಯಾಕ್ಟೀರಿಯಾದ್ದಲ್ಲ

ಕೋಶಕೇಂದ್ರವಿಲ್ಲದ ಜೀವಿ ಪ್ರೊಕ್ಯಾರಿಯೋಟ್. ಅದರ ಡಿಎನ್‌ಎಗೆ ಪೊರೆಯ ಕೋಣೆಯಿಲ್ಲ. ಸಾಮಾನ್ಯವಾಗಿ ಒಂದೇ ಉಂಗುರವಾಗಿ ಕೋಶದೊಳಗೆ ಮುದುಡಿಕೊಂಡಿರುತ್ತದೆ. ಮೈಟೊಕಾಂಡ್ರಿಯಾ ಇಲ್ಲ. ಪ್ರೋಟೀನು ಕಟ್ಟುವ ರೈಬೋಸೋಮ್ ಉಂಟು, ನಮ್ಮದಕ್ಕಿಂತ ಚಿಕ್ಕದು. ಆಕಾರ ದುಂಡಗೆ, ಕೋಲಿನಂತೆ ಅಥವಾ ಸುರುಳಿಯಾಗಿ. ಉದ್ದ ಬಹುಮಟ್ಟಿಗೆ ಒಂದೆರಡು ಮೈಕ್ರೋಮೀಟರ್, ಅಂದರೆ ಮಿಲಿಮೀಟರಿನ ಸಾವಿರದ ಒಂದೆರಡು ಪಾಲು. ಇದಕ್ಕೂ ಅಪವಾದವಿದೆ: ಕೆರಿಬಿಯನ್ನಿನ ಗ್ವಾದಲೂಪ್ ದ್ವೀಪದ ಕಾಂಡ್ಲಾ ಕಾಡಿನಲ್ಲಿ ಸಿಕ್ಕಿ, 2022ರಲ್ಲಿ ಜಗತ್ತಿಗೆ ಪರಿಚಯವಾದ ಒಂದು ಬ್ಯಾಕ್ಟೀರಿಯಾ ಸುಮಾರು ಒಂದು ಸೆಂಟಿಮೀಟರ್ ಉದ್ದವಿದೆ. ಅದನ್ನು ನೋಡಲು ಸೂಕ್ಷ್ಮದರ್ಶಕವೇ ಬೇಡ!

ಇಲ್ಲಿಯವರೆಗೆ ಯಾರಿಗೂ ತೊಡಕಿಲ್ಲ. ಎಡವುವುದು ಮುಂದೆ, ಪ್ರೊಕ್ಯಾರಿಯೋಟ್ ಎಂದರೆ ಬ್ಯಾಕ್ಟೀರಿಯಾ ಎಂದು ಬಗೆದಾಗ. ಅದು ಓದುಗರ ತಪ್ಪಲ್ಲ, ವಿಜ್ಞಾನಿಗಳೂ ಬಹುಕಾಲ ಹಾಗೆಯೇ ಬಗೆದಿದ್ದರು. 1969ರಲ್ಲಿ ವಿಟಕರ್ ಎಂಬ ಜೀವವಿಜ್ಞಾನಿ ಜೀವಲೋಕವನ್ನು ಐದು ಸಾಮ್ರಾಜ್ಯಗಳಾಗಿ ವಿಂಗಡಿಸಿದಾಗ, ಕೋಶಕೇಂದ್ರವಿಲ್ಲದ ಎಲ್ಲವನ್ನೂ ‘ಮೊನೆರಾ’ಕ್ಕೆ ತುಂಬಿದರು. ಇಲ್ಲದಿರುವ ಒಂದು ಲಕ್ಷಣವನ್ನು ಹಿಡಿದು ನಂಟು ಹೇಳಲಾದೀತೇ?

ಬೇರೆ ದಾರಿಯೂ ಇರಲಿಲ್ಲವೆನ್ನಿ. ಹಕ್ಕಿಗೆ ಕೊಕ್ಕು, ಗಿಡಕ್ಕೆ ಹೂವು. ಕೋಲಿನಾಕಾರದ ಈ ಚೂರಿನಲ್ಲಿ ನೋಡುವುದೇನನ್ನು? 1884ರಲ್ಲಿ ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಂ ಕೊಟ್ಟ ಬಣ್ಣದ ಪರೀಕ್ಷೆಯಲ್ಲಿ ದಪ್ಪ ಕೋಶಭಿತ್ತಿಯವು ನೇರಳೆಯಾಗಿ ಉಳಿಯುತ್ತವೆ, ತೆಳು ಭಿತ್ತಿಯವು ಆ ಬಣ್ಣ ಬಿಟ್ಟುಕೊಡುತ್ತವೆ. ಔಷಧಿ ಆರಿಸುವ ವೈದ್ಯರಿಗೆ ಇದು ಇಂದಿಗೂ ಆಸರೆ. ಆದರೆ ವಂಶದ ಬಗ್ಗೆ ಬಣ್ಣ ಹೇಳುವುದು ಅಲ್ಪ.

ದಾರಿ ತೋರಿದವರು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಕಾರ್ಲ್ ವೋಸ್. ಅವರ ಉಪಾಯ ನನಗೆ ಎಷ್ಟು ಸಲ ವಿವರಿಸಿದರೂ ಬೇಸರ ತರಿಸಿಲ್ಲ. ಹಳಗನ್ನಡ ಕಾವ್ಯವನ್ನು ಸಂಪಾದಿಸುವ ವಿದ್ವಾಂಸರು ಓಲೆಗರಿಯ ಪ್ರತಿಗಳನ್ನು ಎದುರುಬದುರಾಗಿಟ್ಟು ಪಾಠಾಂತರ ಗುರುತಿಸುತ್ತಾರೆ. ಒಂದೇ ತಪ್ಪು ಎರಡು ಪ್ರತಿಗಳಲ್ಲಿದ್ದರೆ ಅವೆರಡೂ ಒಂದೇ ಮಾತೃಕೆಯಿಂದ ಇಳಿದವೆಂದು ಊಹೆ. ವೋಸ್ ಮಾಡಿದ್ದೂ ಇದನ್ನೇ, ಜೀವಿಗಳ ಮೇಲೆ. ಅದಕ್ಕೆ ಎಲ್ಲ ಜೀವಿಗಳಲ್ಲೂ ಇರುವ, ಬಲು ನಿಧಾನವಾಗಿ ಬದಲಾಗುವ ಒಂದು ಪಠ್ಯ ಬೇಕು. ರೈಬೋಸೋಮಿನ ಚಿಕ್ಕ ಭಾಗದಲ್ಲಿರುವ ಆರ್‌ಎನ್‌ಎ ಸರಿಯಾಗಿ ಒದಗಿತು. ಪ್ರೊಕ್ಯಾರಿಯೋಟ್‌ಗಳಲ್ಲಿ ಇದರ ಉದ್ದ ಸುಮಾರು 1,500 ಅಕ್ಷರ. ರೈಬೋಸೋಮ್ ಕೆಟ್ಟರೆ ಪ್ರೋಟೀನು ನಿಂತು ಜೀವಿ ಸಾಯುತ್ತದೆ, ಆದ್ದರಿಂದ ಬೇಕಾಬಿಟ್ಟಿ ತಿದ್ದುಪಡಿಗೆ ಅಲ್ಲಿ ಅವಕಾಶವಿಲ್ಲ.

ಪೂರ್ತಿ ಪಠ್ಯವನ್ನು ಸಲೀಸಾಗಿ ಓದುವ ಯಂತ್ರ ಆಗ ಇರಲಿಲ್ಲ. ಆರ್‌ಎನ್‌ಎಗೆ ವಿಕಿರಣ ಸೂಸುವ ರಂಜಕ ಸೇರಿಸಿ, ಕಿಣ್ವದಿಂದ ತುಂಡರಿಸಿ, ತುಂಡುಗಳು ಫಿಲ್ಮಿನ ಮೇಲೆ ಮೂಡಿಸಿದ ಕಲೆಗಳನ್ನು ಬೆಳಕಿಗೆ ಹಿಡಿದು ವರ್ಷಗಟ್ಟಲೆ ಹೋಲಿಸಿದರು. ಮೀಥೇನ್ ತಯಾರಿಸುವ ಸೂಕ್ಷ್ಮಜೀವಿಯ ಸರದಿ ಬಂದಾಗ, ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಕಾಣುತ್ತಿದ್ದ ಗುರುತಿನ ತುಂಡುಗಳೇ ನಾಪತ್ತೆ! 1977ರಲ್ಲಿ ವೋಸ್ ಮತ್ತು ಜಾರ್ಜ್ ಫಾಕ್ಸ್ ಇದು ಬೇರೆಯದೇ ವಂಶವೆಂದು ಪ್ರಕಟಿಸಿದರು. ಅನೇಕರು ನಂಬಲಿಲ್ಲ. 1990ರ ಹೊತ್ತಿಗೆ ಬ್ಯಾಕ್ಟೀರಿಯಾ, ಆರ್ಕಿಯಾ, ಯೂಕ್ಯಾರಿಯಾ ಎಂಬ ಮೂರು ಮಹಾವಿಭಾಗಗಳ ರೂಪ ಸಿದ್ಧವಾಯಿತು.

ಮೀಥೇನ್ ತಯಾರಕರ ಆ ಹೊಸ ವಂಶವೇ ಆರ್ಕಿಯಾ. ಅದರ ಕೋಶಭಿತ್ತಿಯಲ್ಲಿ ಬ್ಯಾಕ್ಟೀರಿಯಾದ ಪೆಪ್ಟಿಡೊಗ್ಲೈಕನ್ ಇಲ್ಲ. ಪೆನ್ಸಿಲಿನ್ ಕೆಡಿಸುವುದು ಆ ವಸ್ತುವಿನ ಕಟ್ಟಡವನ್ನೇ. ಪೊರೆಯ ಕೊಬ್ಬಿನ ರಾಸಾಯನಿಕ ಬೆಸುಗೆಯೂ ಬೇರೆ. ಮನುಷ್ಯ, ಮಾವಿನ ಮರ, ಅಣಬೆಗಳೆಲ್ಲ ಸೇರಿದ ಯೂಕ್ಯಾರಿಯಾಕ್ಕೆ ಇವು ಬ್ಯಾಕ್ಟೀರಿಯಾಗಳಿಗಿಂತ ಹತ್ತಿರದ ನೆಂಟರು. ಉತ್ತರ ಅಟ್ಲಾಂಟಿಕ್ ಸಾಗರತಳದ ಕೆಸರಿನಲ್ಲಿ ಪತ್ತೆಯಾಗಿ 2015ರಲ್ಲಿ ವರದಿಯಾದ ಲೋಕಿ ಆರ್ಕಿಯಾ ಈ ನಂಟನ್ನು ಇನ್ನಷ್ಟು ಗಟ್ಟಿಮಾಡಿತು.

ಇವನ್ನು ಕಾಣಲು ಸಾಗರತಳಕ್ಕೇ ಇಳಿಯಬೇಕಿಲ್ಲ. ಹಿತ್ತಲಿನ ಗೋಬರ್ ಗ್ಯಾಸ್ ಗುಂಡಿಯಲ್ಲಿ ಸಗಣಿಯ ನಾರನ್ನು ಮುರಿದು ಆಮ್ಲ, ಹೈಡ್ರೋಜನ್ ಮಾಡುವವರೆಗೆ ಬ್ಯಾಕ್ಟೀರಿಯಾಗಳ ಕೆಲಸ. ಅದರಿಂದ ಒಲೆಗೆ ಬೇಕಾದ ಮೀಥೇನ್ ಮಾಡುವ ಕೊನೆಯ ಹೆಜ್ಜೆ ಆರ್ಕಿಯಾದ್ದು. ಆಮ್ಲಜನಕ ತಾಗಿದರೆ ಇವುಗಳ ಕೆಲಸ ಕೆಡುತ್ತದೆ, ಗುಂಡಿಯನ್ನು ಗಾಳಿಯಾಡದಂತೆ ಮುಚ್ಚಲು ಅದೂ ಒಂದು ಕಾರಣ. ಹಸುವಿನ ಮೊದಲ ಹೊಟ್ಟೆಯಲ್ಲೂ ಇದೇ ಪಾಲುದಾರಿಕೆ; ಅಲ್ಲಿ ಹುಟ್ಟಿದ ಮೀಥೇನ್ ಹೆಚ್ಚಾಗಿ ತೇಗಾಗಿ ಹೊರಬರುತ್ತದೆ.

ಮಣ್ಣು, ನೀರಿನ ಬಹುಪಾಲು ಪ್ರೊಕ್ಯಾರಿಯೋಟ್‌ಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಲು ಇನ್ನೂ ಆಗಿಲ್ಲ. ಎಷ್ಟೋ ಜೀವಿಗಳ ಗುರುತು ನಮಗಿರುವುದು ಆ 1,500 ಅಕ್ಷರಗಳಿಂದ ಮಾತ್ರ. ಅವು ಏನು ತಿನ್ನುತ್ತವೆ, ಯಾರೊಡನೆ ಬಾಳುತ್ತವೆ ಎಂಬುದು ಗೊತ್ತಿಲ್ಲ. ಪಿಯುಸಿಯಲ್ಲಿ ‘ಮೊನೆರಾ’ ಎಂದು ಕಂಠಪಾಠ ಮಾಡಿ ಮುಂದೆ ಹೋಗುವ ವಿದ್ಯಾರ್ಥಿಗಳೇ, ಆ ಪುಟದಲ್ಲಿ ಸ್ವಲ್ಪ ನಿಲ್ಲಿ. ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಕೆಲಸ ಬೇಕಾದಷ್ಟಿದೆ, ಕೈಗಳು ಸಾಲದು.