ವ್ಯಾನಿನೊಳಗೆ ಗ್ಯಾಸ್ ಹೀಟರ್

ಬ್ರಿಟನ್ನಿನಲ್ಲಿ ಮನೆಮನೆಯ ಕಿಟಕಿ ಗಾಜು ತೊಳೆಯುವುದೇ ಒಂದು ಕಸುಬು. ಹಿಂದೆ ಏಣಿ, ಬಕೆಟ್ಟು, ಒರೆಸುವ ರಬ್ಬರ್ ಪಟ್ಟಿ ಇದ್ದರೆ ಸಾಕಿತ್ತು. ಎತ್ತರದಲ್ಲಿ ಕೆಲಸ ಮಾಡುವವರ ಸುರಕ್ಷತೆಗೆಂದು 2005ರಲ್ಲಿ ನಿಯಮಗಳು ಬಂದವು. ಆಮೇಲೆ ನೆಲದಲ್ಲೇ ನಿಂತು, ಉದ್ದನೆಯ ಕೋಲಿನ ತುದಿಯ ಬ್ರಷ್ಷಿಗೆ ನೀರು ಹಾಯಿಸಿ ತೊಳೆಯುವುದು ಹೆಚ್ಚಾಯಿತು. ಲವಣವನ್ನೆಲ್ಲ ಸೋಸಿ ತೆಗೆದ ನೀರು ಅದು. ಒರೆಸದೆ ಬಿಟ್ಟರೂ ಕಲೆ ಉಳಿಯುವುದಿಲ್ಲ. ತೊಂದರೆ ಕೊಡುವುದು ಚಳಿಗಾಲ. ಪೈಪು ಸೆಟೆದುಕೊಳ್ಳುತ್ತದೆ, ಬೆರಳು ಮರಗಟ್ಟುತ್ತದೆ, ಹಕ್ಕಿಯ ಹಿಕ್ಕೆ ಜಪ್ಪಯ್ಯ ಅಂದರೂ ಬಿಡುವುದಿಲ್ಲ. ಹಾಗಾಗಿ ವ್ಯಾನಿನಲ್ಲಿ ನೀರಿನ ಟ್ಯಾಂಕಿನ ಪಕ್ಕದಲ್ಲೇ ಒಂದು ಗ್ಯಾಸ್ ಹೀಟರ್ ಇಟ್ಟುಕೊಳ್ಳುವ ಆಸೆ ಹುಟ್ಟುತ್ತದೆ.

ಬೇಕಾದ ಶಾಖವೇನೂ ಬಹಳವಲ್ಲ. ನಿಮಿಷಕ್ಕೆ 2 ಲೀಟರ್ ನೀರನ್ನು 30 ಡಿಗ್ರಿ ಏರಿಸಲು ಸುಮಾರು 4 ಕಿಲೋವ್ಯಾಟ್ ಸಾಕು. ಸ್ನಾನಕ್ಕೆಂದು ಮಾಡಿದ ಅಗ್ಗದ ಹೀಟರಿನ ಶಕ್ತಿ 20 ಕಿಲೋವ್ಯಾಟ್ ಇರಬಹುದು. ಇಷ್ಟು ಸಣ್ಣ ಹರಿವಿಗೆ ಅದು ಹೊತ್ತಿಕೊಳ್ಳದೆಯೂ ಹೋದೀತು.

ಹೊತ್ತಿಕೊಂಡರೆ ಇನ್ನೊಂದು ಲೆಕ್ಕವಿದೆ. ಒಂದು ಪಾಲು ಪ್ರೊಪೇನ್ ಗ್ಯಾಸ್ ಪೂರ್ತಿ ಉರಿಯಲು ಸುಮಾರು 24 ಪಾಲು ಗಾಳಿ ಬೇಕು. 20 ಕಿಲೋವ್ಯಾಟ್ ಜ್ವಾಲೆ ಗಂಟೆಗೆ 18 ಘನ ಮೀಟರಿನಷ್ಟು ಗಾಳಿ ನುಂಗುತ್ತದೆ. ಸಾಮಾನು ತುಂಬುವ ಜಾಗ 10 ಘನ ಮೀಟರ್ ಇರುವ ವ್ಯಾನಿನ ಬಾಗಿಲು ಮುಚ್ಚಿಟ್ಟರೆ, ಗಾಳಿ ಮುಗಿಯುವುದಕ್ಕೆ ಬಹಳ ಮೊದಲೇ ಗ್ಯಾಸ್ ಸರಿಯಾಗಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟತೊಡಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಿಟಕಿಯಿಲ್ಲದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಹಾಕಿಸಿ ಜೀವ ಹೋದ ಸುದ್ದಿಗಳನ್ನು ಓದಿರುವ ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದ್ದರಿಂದ ಬಲ್ಲ ಫಿಟ್ಟರ್ ಕೇಳುವ ಮೊದಲ ಪ್ರಶ್ನೆ ನೀರಿನದಲ್ಲ, ಗಾಳಿಯದು. ಅವನು ಆರಿಸುವುದು ಪೂರ್ತಿ ಮುಚ್ಚಿದ ಬಗೆಯ ಹೀಟರನ್ನು: ಉರಿಯಲು ಬೇಕಾದ ಗಾಳಿಯನ್ನು ವ್ಯಾನಿನ ಹೊರಗಿನಿಂದಲೇ ಎಳೆದುಕೊಂಡು, ಹೊಗೆಯನ್ನೂ ಹೊರಕ್ಕೇ ಬಿಡುವಂಥದ್ದು. ಒಳಗಿನ ಗಾಳಿಗೂ ಜ್ವಾಲೆಗೂ ಸಂಬಂಧವೇ ಇರುವುದಿಲ್ಲ. ಕ್ಯಾರವಾನುಗಳಿಗೆಂದು ಹೀಟರ್ ಮಾಡುವ ಜರ್ಮನಿಯ ಟ್ರೂಮಾದಂಥ ಕಂಪನಿಗಳು ಈ ಬಗೆಯವನ್ನು ಮಾಡುತ್ತವೆ. ದುಬಾರಿ, ನಿಜ. ಆದರೆ ಚೌಕಾಸಿ ಮಾಡುವ ಜಾಗ ಇದಲ್ಲ.

ಸಿಲಿಂಡರಿನದು ಇನ್ನೊಂದು ಬಗೆಯ ಕಾಟ. ಸೋರಿದ ಗ್ಯಾಸ್ ಗಾಳಿಗಿಂತ ಭಾರ. ನೆಲ ಹಿಡಿದು ಹರಿದು ಮೂಲೆಯಲ್ಲಿ ಮಡುಗಟ್ಟುತ್ತದೆ. ನೂರು ಪಾಲು ಗಾಳಿಯಲ್ಲಿ ಎರಡು ಪಾಲು ಚಿಲ್ಲರೆ ಬೆರೆತರೂ ಕಿಡಿಗೆ ಹೊತ್ತಿಕೊಳ್ಳುತ್ತದೆ. ಅದಕ್ಕೇ ಸಿಲಿಂಡರಿಗೆ ವ್ಯಾನಿನ ಒಳಭಾಗದ ಸಂಪರ್ಕವೇ ಇಲ್ಲದ ಪ್ರತ್ಯೇಕ ಪೆಟ್ಟಿಗೆ, ಅದರ ತಳದಲ್ಲಿ ನೇರ ಹೊರಗೆ ತೆರೆಯುವ ತೂತು. ಆ ತೂತಿನ ಮೇಲೆ ಒದ್ದೆ ಬಟ್ಟೆ ಒಟ್ಟುವವರೂ ಇದ್ದಾರೆ! ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಬೆಲ್ಟಿನಿಂದ ಬಿಗಿದಿರಬೇಕು, ಗಾಡಿ ಓಡಿಸುವ ಮುನ್ನ ಅದರ ವಾಲ್ವ್ ಮುಚ್ಚಿರಬೇಕು. ಗ್ಯಾಸ್ ಪ್ರೊಪೇನೇ ಆಗಬೇಕು. ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಪ್ರೊಪೇನ್ ಮೈನಸ್ 42ರವರೆಗೂ ಕೈಕೊಡುವುದಿಲ್ಲ.

ಇದನ್ನೆಲ್ಲ ಜೋಡಿಸುವವರನ್ನು ಹುಡುಕಲು ಬ್ರಿಟನ್ನಿನಲ್ಲಿ 'ಗ್ಯಾಸ್ ಸೇಫ್ ರಿಜಿಸ್ಟರ್' ಎಂಬ ಅಧಿಕೃತ ಪಟ್ಟಿಯಿದೆ. 2009ರ ಏಪ್ರಿಲ್‌ನಲ್ಲಿ ಹಳೆಯ ಕಾರ್ಗಿ ಪಟ್ಟಿಯ ಜಾಗಕ್ಕೆ ಬಂದದ್ದು. ಪಟ್ಟಿಯಲ್ಲಿರುವ ಪ್ರತಿಯೊಬ್ಬರಿಗೂ ಫೋಟೊ ಇರುವ ಕಾರ್ಡು ಇರುತ್ತದೆ. ಓದಬೇಕಾದದ್ದು ಅದರ ಹಿಂಬದಿಯನ್ನು: ಯಾವ ಯಾವ ಕೆಲಸಕ್ಕೆ ಅರ್ಹತೆ ಇದೆ ಎಂಬುದು ಬರೆದಿರುವುದು ಅಲ್ಲಿ. ಮನೆಯ ಕೊಳವೆ ಗ್ಯಾಸಿನಲ್ಲಿ ಪಳಗಿದವರಿಗೆ ವಾಹನದ ಎಲ್‌ಪಿಜಿ ಕೆಲಸಕ್ಕೆ ಅರ್ಹತೆ ಇರಲೇಬೇಕೆಂದಿಲ್ಲ. ಜೋಡಣೆ ಮುಗಿದ ಮೇಲೆ ಪೈಪಿನಲ್ಲಿ ಒತ್ತಡ ತುಂಬಿ, ಮಾಪಕದ ಮಟ್ಟ ಇಳಿಯುವುದೇ ಎಂದು ನೋಡುತ್ತಾರೆ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಕೊಳ್ಳುವಾಗಲೂ ವಾಹನದ ಕುಲುಕಾಟ ತಡೆಯುವಂಥದ್ದನ್ನೇ ಕೇಳಬೇಕು.

ಗ್ಯಾಸಿನ ಸಹವಾಸವೇ ಬೇಡವೆಂದು ಡೀಸೆಲ್ ಹೀಟರಿಗೆ ಹೋಗುವ ಕಿಟಕಿ ತೊಳೆಯುವವರೂ ಇದ್ದಾರೆ. ಸಿಲಿಂಡರಿನ ತಾಪತ್ರಯ ತಪ್ಪುತ್ತದೆ. ಹೊಗೆಯನ್ನು ಹೊರಗೆ ಒಯ್ಯುವ ನಳಿಗೆ ಮತ್ತು ಅಲಾರಂ ಮಾತ್ರ ಅದಕ್ಕೂ ಬೇಕು.