ದೋಣಿಯ ಗಾಡಿ: ಭಾರ ಎಲ್ಲಿದೆ, ನೀರು ಎಲ್ಲಿದೆ?

ಇವತ್ತಿನ ಸಂಚಿಕೆ ಹುಟ್ಟಿದ್ದು ಪ್ರಯೋಗಾಲಯದಲ್ಲಿ ಅಲ್ಲ, ಷಿಕಾಗೋ ಹತ್ತಿರದ ಪ್ಲೇನ್‌ಫೀಲ್ಡ್‌ನಲ್ಲಿ, ನಮ್ಮ ಮನೆಯ ಗರಾಜಿನಲ್ಲಿ. ಹಳೆಯ ಹೋಬಿ 16 ಹಾಯಿದೋಣಿಯೊಂದು ನಮ್ಮ ಕೈಗೆ ಬಂತು. ಅದನ್ನು ಮಿಷಿಗನ್ ಸರೋವರಕ್ಕೆ ಒಯ್ಯೋಕೆ ಟ್ರೇಲರ್ ಬೇಕಿತ್ತು, ನಾವೇ ಕಟ್ಟಿದೆವು. ಕಟ್ಟುವಾಗ ಒಂದು ತಪ್ಪು ಮಾಡಿದೆವು, ಇನ್ನೊಂದು ಸ್ವಲ್ಪದರಲ್ಲಿ ತಪ್ಪಿತು. ಎರಡರ ಹಿಂದೆಯೂ ಒಳ್ಳೆ ವಿಜ್ಞಾನ ಇದೆ.

ಹೋಬಿ 16 ಒಂದು ಕ್ಯಾಟಮರಾನ್. ಪದ ಬಂದಿದ್ದು ತಮಿಳಿನ ಕಟ್ಟುಮರಂನಿಂದ. ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ. ಮೂಲದಲ್ಲಿ ಅದು ದಿಮ್ಮಿಗಳನ್ನು ಕಟ್ಟಿದ ತೆಪ್ಪ. ಇಂಗ್ಲಿಷಿಗೆ ಹೋದ ಮೇಲೆ, ಎರಡು ಒಡಲನ್ನು ಅಡ್ಡತೊಲೆಗಳಿಂದ ಜೋಡಿಸಿದ ದೋಣಿಗೆ ಆ ಹೆಸರು ಬಂತು. ನಮ್ಮದು 5 ಮೀಟರ್ ಉದ್ದ, 2.4 ಮೀಟರ್ ಅಗಲ, ತೂಕ ಸುಮಾರು 145 ಕಿಲೋ. ಇಲ್ಲಿನ ಹೆದ್ದಾರಿಗಳಲ್ಲಿ ಸುಮಾರು 2.6 ಮೀಟರ್ ಅಗಲದವರೆಗೆ ಅವಕಾಶ ಇರೋದ್ರಿಂದ ದೋಣಿಯನ್ನು ಬಿಚ್ಚಬೇಕಿಲ್ಲ. ಕಂಬ ಮಾತ್ರ 8 ಮೀಟರ್. ಅದನ್ನು ಮಲಗಿಸಿ, ಹಿಂದೆ ಚಾಚಿದ ತುದಿಗೆ ಕೆಂಪು ಬಟ್ಟೆ ಕಟ್ಟಬೇಕು.

ಈಗ ಮೊದಲ ತಪ್ಪು. ಊರಲ್ಲಿ ಎತ್ತಿನ ಗಾಡಿಗೆ ಹುಲ್ಲು ಹೇರೋದನ್ನು ನೋಡಿರ್ತೀರಿ. ಹಿಂದೆ ಭಾರ ಜಾಸ್ತಿ ಆದ್ರೆ ಮೂಕಿ ಮೇಲೇಳುತ್ತೆ, ಮುಂದೆ ಜಾಸ್ತಿ ಆದ್ರೆ ಎತ್ತಿನ ಹೆಗಲು ಸೋಲುತ್ತೆ. ರೈತ ಕೈಯಲ್ಲೇ ತೂಗಿ, ಸ್ವಲ್ಪ ಮುಂಭಾರ ಬಿಡ್ತಾನೆ. ಟ್ರೇಲರಿಗೂ ಅದೇ ಲೆಕ್ಕ: ಒಟ್ಟು ತೂಕದಲ್ಲಿ ಸುಮಾರು ಶೇಕಡ 10ರಿಂದ 15 ಭಾಗ ಮೂಕಿಯ ಮೂಲಕ ಕಾರಿನ ಮೇಲೆ ಕೂರಬೇಕು. ನಮ್ಮ ದೋಣಿ, ಟ್ರೇಲರ್ ಸೇರಿ 300 ಕಿಲೋ. ಅಂದ್ರೆ ಮೂಕಿಯ ಮೇಲೆ 30ರಿಂದ 45 ಕಿಲೋ ಇರಬೇಕಿತ್ತು. ನಾವು ತೂಗಲೇ ಇಲ್ಲ. ಗಂಟೆಗೆ 70 ಕಿಲೋಮೀಟರ್ ಆಗ್ತಿದ್ದ ಹಾಗೆ ಟ್ರೇಲರ್ ಹಾವಿನ ಹಾಗೆ ಬಳುಕೋಕೆ ಶುರುವಾಯ್ತು. ಹಿಂದಿನ ಸೀಟಿನಲ್ಲಿ ಮಗು ಇತ್ತು. ಬ್ರೇಕ್ ಒತ್ತದೆ, ಸ್ಟೀರಿಂಗ್ ತಿರುಗಿಸದೆ, ಆಕ್ಸಿಲರೇಟರಿನಿಂದ ಕಾಲು ತೆಗೆದೆವು. ವೇಗ ಇಳಿದ ಮೇಲೆ ನಿಂತಿತು.

ಯಾಕೆ ಹೀಗಾಗುತ್ತೆ? ಬ್ಯಾಡ್ಮಿಂಟನ್ ಷಟಲ್‌ಕಾಕ್ ನೆನಪಿಸಿಕೊಳ್ಳಿ. ಭಾರದ ಬೆಂಡು ಮುಂದೆ, ಗಾಳಿ ತಡೆಯೋ ಗರಿ ಹಿಂದೆ. ಅಡ್ಡ ತಿರುಗಿದರೂ ಗರಿ ಅದನ್ನು ನೇರಕ್ಕೆ ತರುತ್ತೆ. ಟ್ರೇಲರಿನಲ್ಲಿ ಗರಿಯ ಕೆಲಸ ಮಾಡೋದು ಚಕ್ರಗಳು. ಭಾರದ ಕೇಂದ್ರ ಅಚ್ಚಿನಿಂದ ಸಾಕಷ್ಟು ಮುಂದಿದ್ದರೆ ಪ್ರತಿ ಓಲಾಟವೂ ಹಿಂದಿನದಕ್ಕಿಂತ ಚಿಕ್ಕದಾಗುತ್ತೆ. ಅಚ್ಚಿಗೆ ತೀರಾ ಹತ್ತಿರ ಬಂದರೆ, ಅಥವಾ ಹಿಂದೆ ಹೋದರೆ, ಒಂದು ವೇಗ ದಾಟಿದ ಮೇಲೆ ಅದೇ ಓಲಾಟ ದೊಡ್ಡದಾಗ್ತಾ ಹೋಗುತ್ತೆ.

ಮನೆಗೆ ಬಂದು ಸ್ನಾನದ ಮನೆಯ ತೂಕದ ಯಂತ್ರದ ಮೇಲೆ ಮೂಕಿ ಇಟ್ಟು ನೋಡಿದರೆ, ಬರೀ 8 ಕಿಲೋ! ಪುಣ್ಯಕ್ಕೆ ಅಚ್ಚನ್ನು ಬೆಸುಗೆ ಹಾಕಿರಲಿಲ್ಲ, ಯು-ಬೋಲ್ಟ್‌ನಿಂದ ಬಿಗಿದಿದ್ದೆವು. 60 ಸೆಂಟಿಮೀಟರ್ ಹಿಂದಕ್ಕೆ ಸರಿಸಿದೆವು. ಯಂತ್ರ 35 ತೋರಿಸಿತು. ಆಮೇಲೆ ಅದು ಬಳುಕಿಲ್ಲ.

ಇನ್ನೊಂದು ತಪ್ಪು ನಮ್ಮ ಕಸುಬಿಗೇ ಸಂಬಂಧಪಟ್ಟದ್ದು. ಚೌಕ ಕೊಳವೆಯ ತುದಿಗಳನ್ನು ಮುಚ್ಚಿ, ದೋಣಿ ಕೂರೋ ಹಲಗೆಗೆ ಕಾರ್ಪೆಟ್ ಸುತ್ತೋಣ ಅಂತಿದ್ದೆವು. ಎರಡೂ ನೀರು ಹಿಡಿದಿಡುತ್ತವೆ. ಮುಚ್ಚಿದ ಕೊಳವೆಯಲ್ಲೂ ಬೋಲ್ಟಿನ ತೂತಿನಿಂದ ನೀರು ಒಳಗೆ ಹೋಗುತ್ತೆ, ಹೊರಗೆ ಬರಲ್ಲ. ಆ ನೀರಲ್ಲಿ ಜೀಬ್ರಾ ಮಸಲ್‌ನ ಮರಿಗಳು ಇರಬಹುದು. ಮಂಗಳೂರಿನ ಕಡೆ ಪಚ್ಚಿಲೆ ಅಂತಾರಲ್ಲ, ಆ ಥರದ ಚಿಪ್ಪುಜೀವಿ, ಉಗುರಿನಷ್ಟು ಗಾತ್ರ. ಯೂರೋಪಿನಿಂದ ಹಡಗುಗಳ ನಿಲುಭಾರದ ನೀರಿನಲ್ಲಿ ಬಂದ ಇದು 1988ರಲ್ಲಿ ಡೆಟ್ರಾಯಿಟ್ ಪಕ್ಕದ ಸೇಂಟ್ ಕ್ಲೇರ್ ಸರೋವರದಲ್ಲಿ ಕಾಣಿಸಿತು. ಎರಡೇ ವರ್ಷದಲ್ಲಿ ಐದೂ ಮಹಾಸರೋವರಗಳಿಗೆ ಹಬ್ಬಿತು. ಒಂದು ಹೆಣ್ಣು ವರ್ಷಕ್ಕೆ ಹತ್ತು ಲಕ್ಷದವರೆಗೆ ಮೊಟ್ಟೆ ಇಡಬಲ್ಲದು. ಮರಿ ಬರಿಗಣ್ಣಿಗೆ ಕಾಣಲ್ಲ. ಇದರ ದಾಯಾದಿ ಕ್ವಾಗಾ ಮಸಲ್ 2007ರಲ್ಲಿ ಪಶ್ಚಿಮದ ಮರುಭೂಮಿಯ ಮೀಡ್ ಸರೋವರದಲ್ಲಿ ಸಿಕ್ಕಿತು. ಮಹಾಸರೋವರಗಳಿಂದ ಅಲ್ಲಿಗೆ ನೀರಿನ ದಾರಿ ಇಲ್ಲ. ರಸ್ತೆಯಲ್ಲಿ, ಯಾವುದೋ ಟ್ರೇಲರಿನ ಮೇಲಿನ ದೋಣಿಯ ಜೊತೆ ಬಂದಿರಬೇಕು ಅನ್ನೋದೇ ಸಾಮಾನ್ಯ ತೀರ್ಮಾನ.

ಹಾಗಾಗಿ ಕೊಳವೆಯ ತುದಿ ತೆರೆದಿಟ್ಟೆವು, ತಗ್ಗಿನ ಕಡೆಗಳಲ್ಲಿ ತೂತು ಕೊರೆದೆವು, ಕಾರ್ಪೆಟ್ ಬದಲು ರಬ್ಬರ್ ಹಾಕಿದೆವು. ದೋಣಿ ಹಗುರ, ಅದನ್ನು ಕೈಗಾಡಿಯ ಮೇಲೆ ನೀರಿಗೆ ತಳ್ಳಬಹುದು. ಟ್ರೇಲರನ್ನು ಮುಳುಗಿಸೋದೇ ಇಲ್ಲ. ಬೇರಿಂಗಿಗೂ ಇದು ಒಳ್ಳೇದು. ಓಡಿ ಬಿಸಿಯಾದ ಹಬ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತೆ.

ನೀವೂ ಕಟ್ಟುವವರಾದರೆ ಎರಡು ಮಾತು. ಹೊರಡುವ ಮುಂಚೆ ಮೂಕಿ ತೂಗಿ. ಮರಳಿದ ಮೇಲೆ ದೋಣಿ, ಟ್ರೇಲರ್ ತೊಳೆದು, ನೀರು ಬಸಿದು, ಕನಿಷ್ಠ ಐದು ದಿನ ಒಣಗಿಸಿ, ಆಮೇಲೆ ಇನ್ನೊಂದು ಕೆರೆಗೆ ಒಯ್ಯಿರಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.