ಸ್ಮರಣೆಗೆ ಬೇಕು ಸ್ವಂತ ದನಿಯ ದಾಖಲೆ: ಜಾರ್ಮನ್, ರಿಯಾದ್ ವಾಡಿಯಾ ಬಿಟ್ಟುಹೋದ ಪಾಠ

ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂತೆಂದರೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಭಕ್ತರೊಡನೆ ಕ್ಯಾಮೆರಾಗಳೂ ಬರುತ್ತವೆ. ಬೈಲಹೊಂಗಲ, ಕಿತ್ತೂರು, ರಾಮದುರ್ಗ ಭಾಗದ ಜನರಿಗೆ ಚೌಡಿಕೆ ನುಡಿಸುತ್ತ ಹಾಡುವ ಜೋಗಪ್ಪಂದಿರು ಹೊಸಬರಲ್ಲ. ಗಂಡಾಗಿ ಹುಟ್ಟಿ, ಸೀರೆಯುಟ್ಟು ದೇವಿಯ ಸೇವೆಗೆ ನಿಂತ ಇವರ ಲೋಕವನ್ನು ಮರಾಠಿಯ ‘ಜೋಗವಾ’ (2009) ತೆರೆಗೆ ತಂದು ರಾಷ್ಟ್ರಪ್ರಶಸ್ತಿಗಳನ್ನೂ ಗಳಿಸಿತು. ಆದರೆ ಅಲ್ಲಿ ಕಥೆ ಹೇಳಿದವರು ಸಮುದಾಯದ ಹೊರಗಿನವರು.

ಜೋಗಪ್ಪಂದಿರದು ಲಿಂಗ ಗುರುತಿಗೆ ಸಂಬಂಧಿಸಿದ ವಿಷಯ. ಸಲಿಂಗಿಗಳದು ಒಲವಿಗೆ ಸಂಬಂಧಿಸಿದ್ದು. ಎರಡೂ ಒಂದೇ ಅಲ್ಲ. ಆದರೆ ತಮ್ಮ ಬದುಕಿನ ಕಥೆಯನ್ನು ಹೇಳುವ ಹಕ್ಕು ಯಾರದು ಎಂಬ ಪ್ರಶ್ನೆ ಇಬ್ಬರಿಗೂ ಸಮಾನ. ಸ್ವತಃ ಕ್ಯಾಮೆರಾ ಹಿಡಿದು ಇದಕ್ಕೆ ಉತ್ತರಿಸಿದವರಲ್ಲಿ ಬ್ರಿಟನ್ನಿನ ಡೆರೆಕ್ ಜಾರ್ಮನ್ ಪ್ರಮುಖರು.

1942ರಲ್ಲಿ ಜನಿಸಿದ ಜಾರ್ಮನ್ ಮೂಲತಃ ಚಿತ್ರಕಲಾವಿದ. ಅಲ್ಪ ಬಂಡವಾಳದಲ್ಲಿ ತಯಾರಾದ ಅವರ ‘ಸೆಬಾಸ್ಟಿಯಾನ್’ (1976) ಲ್ಯಾಟಿನ್ ಸಂಭಾಷಣೆಯ ಚಿತ್ರ. ಸಲಿಂಗ ಪ್ರೇಮವನ್ನು ಮುಚ್ಚುಮರೆಯಿಲ್ಲದೆ ತೋರಿತು. 1986ರಲ್ಲಿ ಎಚ್‌ಐವಿ ಸೋಂಕು ದೃಢಪಟ್ಟಾಗ, ಆ ಹೆಸರೆತ್ತಲೂ ಜನ ಅಂಜುತ್ತಿದ್ದ ಕಾಲದಲ್ಲಿ, ಅವರು ಅದನ್ನು ಬಹಿರಂಗಪಡಿಸಿದರು. ದೃಷ್ಟಿ ಕುಂದುತ್ತಿದ್ದಾಗ ನಿರ್ಮಿಸಿದ ‘ಬ್ಲೂ’ (1993) ಚಿತ್ರದಲ್ಲಿ ಆದ್ಯಂತ ಕಾಣುವುದು ನೀಲಿ ಪರದೆ ಮಾತ್ರ; ಉಳಿದುದೆಲ್ಲ ದನಿ. 1994ರಲ್ಲಿ ಏಡ್ಸ್ ಸಂಬಂಧಿ ಕಾಯಿಲೆಯಿಂದ ಅವರು ನಿಧನರಾದರು.

ಅವರಿಗೆ ಸಲ್ಲಿಸಿದ ಗೌರವವೇ ಐಸಾಕ್ ಜೂಲಿಯನ್ ನಿರ್ದೇಶನದ ಸಾಕ್ಷ್ಯಚಿತ್ರ ‘ಡೆರೆಕ್’ (2008). ಜಾರ್ಮನ್‌ರ ‘ಕಾರವಾಜಿಯೊ’ (1986) ಮೂಲಕ ಚಿತ್ರರಂಗ ಪ್ರವೇಶಿಸಿದ ನಟಿ ಟಿಲ್ಡಾ ಸ್ವಿಂಟನ್, ಅಗಲಿದ ಗೆಳೆಯನಿಗೆ ಬರೆದ ಪತ್ರದ ರೂಪದಲ್ಲಿ ನಿರೂಪಣೆ ಮಾಡಿದ್ದಾರೆ. ಚಿತ್ರದ ಬೆನ್ನೆಲುಬು ಮಾತ್ರ 1990ರಲ್ಲಿ ದಾಖಲಿಸಿಟ್ಟಿದ್ದ ಜಾರ್ಮನ್‌ರದೇ ಸುದೀರ್ಘ ಸಂದರ್ಶನ. ಅದರ ಜೊತೆಗೆ ಅವರು ಚಿಕ್ಕ ಸೂಪರ್ 8 ಕ್ಯಾಮೆರಾದಲ್ಲಿ ಸೆರೆಹಿಡಿದ ದೃಶ್ಯಗಳಿವೆ. ಹೀಗಾಗಿ, ಸತ್ತು 14 ವರ್ಷಗಳ ಬಳಿಕವೂ ಜಾರ್ಮನ್ ತಮ್ಮ ಬಗ್ಗೆ ತಾವೇ ಮಾತನಾಡುತ್ತಾರೆ.

ಭಾರತದಲ್ಲಿ ಇಂಥದೇ ಹಾದಿ ತುಳಿದವರು ಮುಂಬೈನ ರಿಯಾದ್ ವಾಡಿಯಾ. ‘ಹಂಟರ್‌ವಾಲಿ’ (1935) ಖ್ಯಾತಿಯ ವಾಡಿಯಾ ಮೂವಿಟೋನ್ ಸಂಸ್ಥಾಪಕ ಜೆ.ಬಿ.ಎಚ್. ವಾಡಿಯಾ ಅವರ ಮೊಮ್ಮಗ. ಕುಟುಂಬದ ಸಂಗ್ರಹದಲ್ಲಿದ್ದ ಹಳೆಯ ರೀಲುಗಳೇ, ನಾಡಿಯಾ ಕುರಿತ ಅವರ ಸಾಕ್ಷ್ಯಚಿತ್ರ ‘ಫಿಯರ್‌ಲೆಸ್: ದಿ ಹಂಟರ್‌ವಾಲಿ ಸ್ಟೋರಿ’ಗೆ (1993) ಆಧಾರ. ನಂತರ ಆರ್. ರಾಜ್ ರಾವ್ ಅವರ ಕವಿತೆಗಳನ್ನು ಆಧರಿಸಿ ‘ಬಾಂಗೇ’ (1996) ಕಿರುಚಿತ್ರ ತಯಾರಿಸಿದರು. ಇದು ಭಾರತದ ಮೊದಲ ಸಲಿಂಗಿ ಚಿತ್ರವೆಂದೇ ಹೆಸರಾಗಿದೆ. ಆಗ ಸಲಿಂಗ ಸಂಬಂಧ ಐಪಿಸಿ 377ನೇ ಸೆಕ್ಷನ್ ಅಡಿ ಅಪರಾಧವಾಗಿತ್ತು. ಸುಪ್ರೀಂ ಕೋರ್ಟ್ ವಯಸ್ಕರ ಸಮ್ಮತಿಯ ಸಂಬಂಧವನ್ನು ಅಪರಾಧಮುಕ್ತಗೊಳಿಸಿದ್ದು 2018ರ ಸೆಪ್ಟೆಂಬರ್ 6ರಂದು. ಅದನ್ನು ನೋಡಲು ರಿಯಾದ್ ಇರಲಿಲ್ಲ. 2003ರಲ್ಲಿ, 36ನೇ ವಯಸ್ಸಿನಲ್ಲೇ ಅವರು ತೀರಿಕೊಂಡಿದ್ದರು. ಮುಂಬೈನ ಕಶಿಶ್ ಚಿತ್ರೋತ್ಸವದಲ್ಲಿ ಉದಯೋನ್ಮುಖ ನಿರ್ದೇಶಕರಿಗೆ ಅವರ ಹೆಸರಿನ ಪ್ರಶಸ್ತಿ ಸ್ಥಾಪಿಸಲಾಗಿದೆ.

ಇವೆರಡೂ ಉದಾಹರಣೆಗಳಿಂದ ಸ್ಪಷ್ಟವಾಗುವ ಸಂಗತಿ ಒಂದೇ. ಸ್ಮರಣೆಯ ಚಿತ್ರ ಸಾವಿನ ನಂತರ ತಯಾರಾದರೂ ಅದಕ್ಕೆ ಬೇಕಾದ ಸಾಮಗ್ರಿ ಬದುಕಿದ್ದಾಗಲೇ ಸಿದ್ಧವಾಗಿರಬೇಕು. ಸಂದರ್ಶನ ಧ್ವನಿಮುದ್ರಿತವಾಗಿರಬೇಕು, ರೀಲುಗಳನ್ನು ಜೋಪಾನ ಮಾಡಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮಾತು ಅವರದೇ ಆಗಿರಬೇಕು.

ಜೋಗತಿ ನೃತ್ಯದ ಬಿ. ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀಗೆ ಭಾಜನರಾದರು. ನಾಡು ಅವರ ಕಥೆಯನ್ನು ಅವರ ಬಾಯಿಂದಲೇ ಕೇಳಿದೆ. ಗುಡ್ಡದ ಇತರ ಹಿರಿಯ ಜೋಗಪ್ಪಂದಿರ ಹಾಡು, ಅನುಭವಗಳು ಅವರದೇ ಒಪ್ಪಿಗೆಯಿಂದ, ಅವರದೇ ದನಿಯಲ್ಲಿ ದಾಖಲಾಗದಿದ್ದರೆ, ಮುಂದೊಂದು ದಿನ ಅವರ ಕುರಿತು ಚಿತ್ರ ತೆಗೆಯುವವರಿಗೆ ಸಿಗುವುದು ಜಾತ್ರೆಯ ದೃಶ್ಯಗಳು ಮಾತ್ರ.